ಹಳೇ ಟಿಟಿಯಲ್ಲಿ ಸ್ಪಿತಿಯ ಜನವರಿ

1998ರ ಟಿಟಿಯನ್ನು, ಅಂದರೆ ಟೆಂಪೋ ಟ್ರಾವೆಲರನ್ನು, ಮನೆಗಾಡಿ ಮಾಡಿಕೊಂಡು ಜನವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಾಜಾಗೆ ಹೋಗುತ್ತೇವೆ ಅಂದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರಿಂದ ಹಿಡಿದು ನಮ್ಮದೇ ಬಳಗದವರವರೆಗೆ ಎಲ್ಲರದೂ ಒಂದೇ ಮಾತು: ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆದರೂ ತಗಡಿನ ಡಬ್ಬದೊಳಗೆ ಮಲಗೋಕಾಗಲ್ಲ. ಎರಡು ಚಳಿಗಾಲ ಹಾಳಾಯಿತು ನಿಜ. ಮೂರನೆಯ ಸಲ ಹನ್ನೊಂದು ರಾತ್ರಿ ಅಲ್ಲೇ ಕಳೆದದ್ದಾಯಿತು. ಹೊರಗೆ ಮೈನಸ್ 20ರ ಆಸುಪಾಸು, ಒಳಗೆ 14-15 ಡಿಗ್ರಿ, ಹಾಸಿಗೆ ಒಣ ಒಣ. ಗಾಡಿ ಬಿಚ್ಚಿ ಜೋಡಿಸಿ ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ, ಸ್ಪ್ಯಾನರ್ ಹಿಡಿಯುವುದು ಹೇಗೆಂದು ಇಲ್ಲಿ ಇರುವುದಿಲ್ಲ.

ಎಂಜಿನ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಜನ ಹೆದರುವುದು ಅದಕ್ಕೇ, ನಿಜವಾಗಿ ಕಾಟ ಕೊಡುವುದು ಬೇರೆ. ಇದರಲ್ಲಿರುವುದು ಬೆಂಜ್ ಮೂಲದ ಓಎಂ 616, 2.4 ಲೀಟರ್, ಟರ್ಬೋ ಇಲ್ಲ, ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಹೊಸ ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧವಾಗಲೆಂದು ಹಾಕುವ ಯೂರಿಯಾ ದ್ರವ ಮೈನಸ್ 11ಕ್ಕೆ ಹೆಪ್ಪುಗಟ್ಟುತ್ತದೆ, ಅದನ್ನು ಕರಗಿಸಲು ಮತ್ತೊಂದು ಹೀಟರ್ ಬೇಕು. ಹಳೇ ಗಾಡಿಗೆ ಆ ಟ್ಯಾಂಕೇ ಇಲ್ಲ. ಆದರೆ ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುವ ಪ್ರಿಚೇಂಬರ್ ಎಂಜಿನ್ ಆದ್ದರಿಂದ, ಆ ಕೋಣೆಯನ್ನು ಬಿಸಿ ಮಾಡುವ ನಾಲ್ಕು ಗ್ಲೋ ಪ್ಲಗ್‌ಗಳೂ ಜೀವಂತ ಇರಲೇಬೇಕು. ಬೆಂಗಳೂರಿನಲ್ಲಿ ಎರಡು ಸತ್ತಿದ್ದರೂ ಗೊತ್ತೇ ಆಗುವುದಿಲ್ಲ. ಈ ಊರಿನ ಅತಿ ದೊಡ್ಡ ಚಳಿಯ ದಾಖಲೆಯೇ 7.8 ಡಿಗ್ರಿ, ಅದೂ 1884ರ ಜನವರಿಯದು. ಪ್ಲಗ್ ಬಿಚ್ಚಿ ನೇರ ಬ್ಯಾಟರಿಗೆ ಹಿಡಿದು ನೋಡಬೇಕು. ತುದಿ ಕೆಂಪಾದರೆ ಸರಿ, ನಡುವೆ ಮಾತ್ರ ಕೆಂಪಾದರೆ ಎಸೆಯಬೇಕು.

ಆಯಿಲ್ ಬದಲಿಸದೆ ಹೋಗಬೇಡಿ. ನಾವೆಲ್ಲ ಹಾಕುವ 15ಡಬ್ಲ್ಯೂ-40 ದರ್ಜೆಯ ಆಯಿಲಿಗೆ ಕ್ರ್ಯಾಂಕಿಂಗ್ ಪರೀಕ್ಷೆ, ಅಂದರೆ ಚಳಿಯಲ್ಲಿ ಎಂಜಿನ್ ತಿರುಗಲು ಬಿಡುತ್ತದೆಯೇ ಎಂಬ ಪರೀಕ್ಷೆ, ನಡೆಯುವುದೇ ಮೈನಸ್ 20ರಲ್ಲಿ. ಅಂದರೆ ಕಾಜಾದ ಬೆಳಗಿನ ಜಾವಕ್ಕೆ ಅದು ಕಟ್ಟಕಡೆಯ ಅಂಚಿನಲ್ಲಿರುತ್ತದೆ. ಚಳಿಯಲ್ಲಿ ಅದಕ್ಕಿಂತ ತೆಳುವಾಗಿರುವ 5ಡಬ್ಲ್ಯೂ-40 ಹಾಕಿ ನೋಡಿದಾಗ ಹಿಂದಿನ ಆಯಿಲ್ ಸೀಲ್ ಸೋರಿತು, ಹಳೇ ಸೀಲಿಗೆ ಅಷ್ಟು ತೆಳು ಒಗ್ಗುವುದಿಲ್ಲ. ಈಗ 10ಡಬ್ಲ್ಯೂ-40ಕ್ಕೆ ನಿಂತಿದ್ದೇನೆ. ಕೂಲಂಟ್ ಅರ್ಧಕ್ಕರ್ಧ, ಡಿಸ್ಟಿಲ್ಡ್ ನೀರಿನಲ್ಲಿ. ವರ್ಷಗಟ್ಟಲೆ ಬರೀ ನಲ್ಲಿ ನೀರಲ್ಲಿ ಓಡಿದ ಗಾಡಿಯಾದರೆ ಹೀಟರ್ ಕಾಯಿಲ್ ಸಮೇತ ಎರಡು ಸಲ ಫ್ಲಶ್ ಮಾಡಿ, ಇಲ್ಲದಿದ್ದರೆ ಒಳಗುಳಿದ ನೀರು ಅಳತೆ ಕೆಡಿಸುತ್ತದೆ.

ಡೀಸೆಲ್ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಐಸ್‌ಕ್ರೀಮ್ ಫ್ರೀಜರ್. ಬೆಂಗಳೂರಿನ ಬಂಕಿನ ಡೀಸೆಲನ್ನು ಕಾಲು ಲೀಟರ್ ಗಾಜಿನ ಬಾಟಲಿಯಲ್ಲಿ ತುಂಬಿ ಮೈನಸ್ 18ರಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಬಾಟಲಿ ಬೋರಲು ಹಾಕಿದರೆ ಡೀಸೆಲ್ ಜರುಗಲೇ ಇಲ್ಲ. ಮಾಗಿಯಲ್ಲಿ ಕೊಬ್ಬರಿಎಣ್ಣೆ ಹೆಪ್ಪುಗಟ್ಟುತ್ತದಲ್ಲ, ಹಾಗೆ ಬಿಳಿ ಬಿಳಿ ಮೇಣ. ಕಾರಣ ಸರಳ: ನಮ್ಮ ದೇಶದ ಮಾನಕದಲ್ಲಿ ಡೀಸೆಲ್‌ನ ಪೋರ್ ಪಾಯಿಂಟ್ (ಅದಕ್ಕಿಂತ ತಣ್ಣಗಾದರೆ ಹರಿಯದು) ಚಳಿಗಾಲಕ್ಕೆ 3 ಡಿಗ್ರಿ, ಬೇಸಿಗೆಗೆ 15 ಡಿಗ್ರಿವರೆಗೂ ಇರಬಹುದು. ಅದರಲ್ಲೂ ಪೋರ್ ಪಾಯಿಂಟ್‌ಗಿಂತ ಮೊದಲೇ ಮೇಣದ ಹರಳು ಫಿಲ್ಟರ್ ಕಾಗದವನ್ನು ಮುಚ್ಚಿಬಿಡುತ್ತದೆ. ಲಡಾಖ್‌ಗೆಂದೇ ಮೈನಸ್ 33ರವರೆಗೆ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ತಂದಿತು, ಬೇರೆ ಕಡೆ ಅದನ್ನು ನಂಬಿ ಹೊರಡುವಂತಿಲ್ಲ. ಹಾಗಾಗಿ ಬಯಲುಸೀಮೆಯ ಡೀಸೆಲನ್ನು ಮೇಲಕ್ಕೆ ಹೊತ್ತೊಯ್ಯಬಾರದು. ಟ್ಯಾಂಕ್ ಕಾಲುಭಾಗಕ್ಕೆ ಇಳಿಸಿಕೊಂಡು, ಶಿಮ್ಲಾ ದಾಟಿ ಸಿಗುವ ರಾಂಪುರ ಬಿಟ್ಟ ಮೇಲೆ ತುಂಬಿಸಬೇಕು.

ಆಮೇಲೂ ಐದರಲ್ಲಿ ಒಂದು ಪಾಲು ಬಿಳಿ ಸೀಮೆಎಣ್ಣೆ ಬೆರೆಸುತ್ತೇನೆ. ಸೀಮೆಎಣ್ಣೆಗೆ ಜಿಡ್ಡು ಸಾಲದು, ಪಂಪಿನ ಪ್ಲಂಜರ್ ತಿಂದುಬಿಡುತ್ತದೆ, ಅದಕ್ಕೆ 200 ಲೀಟರಿಗೆ ಒಂದು ಲೀಟರ್ ಲೆಕ್ಕದಲ್ಲಿ ಹಳೇ ಸ್ಕೂಟರಿಗೆ ಹಾಕುವ 2ಟಿ ಆಯಿಲ್. ಇದು ಹಳೇ ಮೆಕ್ಯಾನಿಕಲ್ ಪಂಪಿಗೆ ಮಾತ್ರ, ಹೊಸ ಕಾಮನ್ ರೈಲ್ ಪಂಪಿನ ಗಾಡಿಯವರು ಈ ದಾರಿಗೆ ಬರಲೇಬೇಡಿ. ಫಿಲ್ಟರ್ ಡಬ್ಬದ ಸುತ್ತ ತಾಮ್ರದ ಕೊಳವೆ ಆರು ಸುತ್ತು ಸುತ್ತಿ ಅದರೊಳಗೆ ಬಿಸಿ ಕೂಲಂಟ್ ಹರಿಯುವಂತೆ ಮಾಡಿದ್ದು ಏಳುನೂರು ರೂಪಾಯಿಯ ಕೆಲಸ. ಅದು ಬಂದ ಮೇಲೆ ಏರಿನಲ್ಲಿ ಎಂಜಿನ್ ಉಸಿರು ಕಟ್ಟಿದ್ದಿಲ್ಲ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ಅಲ್ಲಿ ಕಾಣುತ್ತೀರಿ, ಖಂಡಿತ ಮಾಡಬೇಡಿ.

ಈಗ ನಾವು ಮಲಗುವ ತಗಡಿನ ಡಬ್ಬದ ವಿಷಯ. ದುಡ್ಡು ಹೆಚ್ಚು ಹೋದದ್ದು, ಬುದ್ಧಿ ಹೆಚ್ಚು ಬಂದದ್ದು ಇಲ್ಲೇ.

ಮೊದಲ ವರ್ಷ ಥರ್ಮೋಕೋಲ್ ಹಾಳೆ ತಂದು ರಬ್ಬರ್ ಸಲ್ಯೂಷನ್ ಬಳಿದು ಅಂಟಿಸಿದ್ದು. ಸಲ್ಯೂಷನ್‌ನಲ್ಲಿರುವ ಟಾಲ್ವೀನ್ ಥರ್ಮೋಕೋಲನ್ನು ಕರಗಿಸುತ್ತದೆ. ಮಾರನೇ ದಿನ ಹಾಳೆಯ ಬೆನ್ನೆಲ್ಲ ಜೇನುಗೂಡಿನ ಹಾಗೆ ತೂತು. ಆರು ಸಾವಿರ ಹೋಯಿತು. ಎರಡನೇ ವರ್ಷ ಗ್ಲಾಸ್‌ವೂಲ್ ತುರುಕಿ ಮೇಲೆ ಪ್ಲೈವುಡ್ ಹೊಡೆದದ್ದು. ಶಿಮ್ಲಾ ದಾಟಿದ ಮೇಲಿನ ನಾರ್ಕಂಡಾದಲ್ಲೇ ಗೋಡೆ ತಣ್ಣಗೆ ಅನಿಸತೊಡಗಿತು. ವಾಪಸು ಬಂದು ಬಿಚ್ಚಿದರೆ ಗ್ಲಾಸ್‌ವೂಲ್ ಒದ್ದೆ ಹತ್ತಿಯಂತೆ ಕುಸಿದು ಕೆಳಗೆ ಕೂತಿದೆ, ಕಿಟಕಿ ಕೆಳಗಿನ ತಗಡಿಗೆ ತುಕ್ಕು. ಟಿಂಕರಿಂಗ್, ಪೇಂಟ್ ಸೇರಿ ಹದಿನೆಂಟು ಸಾವಿರದ ಹತ್ತಿರ.

ಆ ನೀರು ಹೊರಗಿನಿಂದ ಬಂದದ್ದಲ್ಲ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರು ಸೇರಿ ಒಂದು ಲೀಟರ್‌ಗೆ ಹತ್ತಿರ ನೀರು ಗಾಳಿಗೆ ಸೇರುತ್ತದೆ. ಒಲೆ ಹಚ್ಚಿದರೆ ಇನ್ನಷ್ಟು, ಗ್ಯಾಸ್ ಉರಿದಾಗಲೂ ನೀರಾವಿಯೇ ಹುಟ್ಟುವುದು. ಆ ಹಬೆ ಸಂದಿಯಲ್ಲಿ ನುಸುಳಿ ಹಿಮದಷ್ಟು ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ, ಆಮೇಲೆ ಮಂಜುಗಡ್ಡೆ. ಹೀಟರ್ ದೊಡ್ಡದು ಹಾಕಿದಷ್ಟೂ ಬಿಸಿ ಗಾಳಿ ಹೆಚ್ಚು ಹಬೆ ಹೊರುತ್ತದೆ. ಎಲ್ಲರೂ ಹೀಟರ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ನನ್ನ ಪ್ರಕಾರ ಮೊದಲು ಹಬೆಯ ದಾರಿ ನೋಡಬೇಕು.

ಮೂರನೇ ಸಲ ಎಸಿ ಡಕ್ಟ್‌ಗೆ ಸುತ್ತುವ ನೈಟ್ರೈಲ್ ರಬ್ಬರ್ ಶೀಟ್ ಹಾಕಿದೆ, 19 ಮಿಲಿಮೀಟರ್. ಇದರೊಳಗಿನ ಸಣ್ಣ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಹಬೆ ಒಳಹೋಗುವುದಿಲ್ಲ. ತಗಡನ್ನು ಥಿನ್ನರ್‌ನಲ್ಲಿ ಒರೆಸಿ, ಅಂಟು ಎರಡೂ ಕಡೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಶೀಟನ್ನು ಎಳೆದು ಅಂಟಿಸಬೇಡಿ, ಚಳಿಗೆ ಕುಗ್ಗಿ ಜಾಯಿಂಟ್ ಬಾಯಿಬಿಡುತ್ತದೆ. ಎರಡು ಮಿಲಿಮೀಟರ್ ಹೆಚ್ಚು ಕತ್ತರಿಸಿ ಅದುಮಿ ಕೂರಿಸಬೇಕು. ಎಲ್ಲರೂ ತಪ್ಪುವುದು ರಿಬ್‌ಗಳಲ್ಲಿ, ಅಂದರೆ ತಗಡಿಗೆ ಒಳಗಿನಿಂದ ಆಧಾರವಾಗಿರುವ ಪಕ್ಕೆಲುಬುಗಳಲ್ಲಿ. ಗೋಡೆಗೆಲ್ಲ ಶೀಟ್ ಹಾಕಿ ಕಬ್ಬಿಣದ ರಿಬ್ ಬರಿದೇ ಬಿಟ್ಟರೆ ಬೆಳಿಗ್ಗೆ ಪ್ರತಿ ರಿಬ್ ಗುಂಟ ನೀರಿನ ಗೆರೆ. ಅದಕ್ಕೆ 6 ಮಿಲಿಮೀಟರ್ ಶೀಟ್ ಸುತ್ತಿ, ಪ್ಲೈವುಡ್ ಸ್ಕ್ರೂ ರಿಬ್‌ಗೆ ನೇರ ತಾಗದಂತೆ ಮರದ ಪಟ್ಟಿ ಕೊಟ್ಟೆ.

ಇಷ್ಟೆಲ್ಲ ಮಾಡಿಯೂ ರಾತ್ರಿ ಗಾಡಿಯನ್ನು ಪೂರ್ತಿ ಮುಚ್ಚಬಾರದು. ಛಾವಣಿಯ ಹ್ಯಾಚ್ ಎರಡು ಬೆರಳಷ್ಟು, ಎದುರು ಮೂಲೆಯಲ್ಲಿ ನೆಲದ ಹತ್ತಿರ ಒಂದು ರಂಧ್ರ, ಇವೆರಡೂ ಮೈನಸ್ 20ರಲ್ಲೂ ತೆರೆದಿರಬೇಕು. ಹೊರಗಿನ ಗಾಳಿ ಎಷ್ಟು ತಣ್ಣಗೋ ಅಷ್ಟು ಒಣಗಿರುತ್ತದೆ, ಒಳಗೆ ಬಿಸಿಯಾದಾಗ ಅದೇ ಹಬೆಯನ್ನು ಹೀರಿಕೊಂಡು ಹೋಗುತ್ತದೆ. ಹೇಳಿದರೆ ಯಾರೂ ಒಪ್ಪಲಿಲ್ಲ. ಒಂದು ರಾತ್ರಿ ಮುಚ್ಚಿ, ಒಂದು ರಾತ್ರಿ ತೆರೆದು ಬೆಳಿಗ್ಗೆ ಕಿಟಕಿ ಒರೆಸಿದ ಬಟ್ಟೆ ಹಿಂಡಿ ತೋರಿಸಿದ ಮೇಲೆ ವಾದ ನಿಂತಿತು. ಮುಚ್ಚಿದ ರಾತ್ರಿ ಮುಕ್ಕಾಲು ಲೋಟ, ತೆರೆದ ರಾತ್ರಿ ಬಟ್ಟೆ ತೇವವಾದದ್ದಷ್ಟೇ.

ಡ್ರೈವರ್ ಸೀಟಿನ ಹಿಂದೆ ಪರದೆಗೆ ರೆಕ್ಸಿನ್, ಬಬಲ್ ಶೀಟ್, ಎರಡು ಪದರದ ಕ್ಯಾನ್ವಾಸ್ ಎಲ್ಲ ಪ್ರಯೋಗ ಆಯಿತು. ಗೆದ್ದದ್ದು ಚಳ್ಳಕೆರೆಯ ಕರಿ ಕಂಬಳಿ. ಎರಡು ಕಂಬಳಿ ಜೋಡಿಸಿ ಹೊಲಿದು, ಕೆಳಗೆ ನೆಲಕ್ಕೆ ಅರ್ಧ ಅಡಿ ಬೀಳುವಂತೆ ಬಿಟ್ಟರೆ ಮುಂದಿನ ಗಾಜಿನ ಚಳಿ ಅಲ್ಲೇ ನಿಲ್ಲುತ್ತದೆ. ಉಣ್ಣೆ ರಾತ್ರಿ ತೇವ ಹೀರಿ ಹಗಲು ಬಿಸಿಲಿಗೆ ಬಿಡುತ್ತದೆ. ರೆಕ್ಸಿನ್ ಮೇಲೆ ಅದೇ ತೇವ ಹನಿಯಾಗಿ ಹಾಸಿಗೆಗೆ ಇಳಿಯುತ್ತಿತ್ತು.

ಡೀಸೆಲ್ ಹೀಟರ್ 5 ಕಿಲೋವ್ಯಾಟ್‌ನದು ಕೊಂಡದ್ದು ತಪ್ಪು. ಟಿಟಿಯಷ್ಟು ಜಾಗಕ್ಕೆ ಅದು ಯಾವಾಗಲೂ ಕಡಿಮೆ ಉರಿಯಲ್ಲೇ ಓಡುತ್ತದೆ, ಕಡಿಮೆ ಉರಿಯಲ್ಲಿ ಮಸಿ ಕಟ್ಟುತ್ತದೆ. 2 ಕಿಲೋವ್ಯಾಟ್ ಧಾರಾಳ ಸಾಕು, ಗಂಟೆಗೆ ಹೆಚ್ಚೆಂದರೆ ಕಾಲು ಲೀಟರ್ ಕುಡಿಯುತ್ತದೆ. ಕಾಜಾ ಇರುವುದು 3,600 ಮೀಟರ್ ಮೇಲೆ, ಅಲ್ಲಿ ಗಾಳಿ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಹೀಟರಿನ ಪಂಪ್ ಮಾತ್ರ ಬೆಂಗಳೂರಿನ ಲೆಕ್ಕದಲ್ಲೇ ಡೀಸೆಲ್ ಸುರಿಯುತ್ತಿರುತ್ತದೆ. ಎರಡನೇ ಚಳಿಗಾಲ ಸ್ಪಿತಿಯ ಟಾಬೋದಲ್ಲಿ ನಾಲ್ಕನೇ ರಾತ್ರಿ ಬಿಳಿ ಹೊಗೆ ಬಂದು ಹೀಟರ್ ನಿಂತಿತು. ಬಿಚ್ಚಿದರೆ ಬರ್ನರ್ ಒಳಗೆ ಬೆರಳು ದಪ್ಪ ಮಸಿ, ಗ್ಲೋ ಪ್ಲಗ್ ಸುತ್ತಲಿನ ಸಣ್ಣ ಜಾಲರಿ ಕಾಫಿ ಫಿಲ್ಟರ್‌ನಲ್ಲಿ ಗಷ್ಟು ಕೂತಂತೆ ಕಟ್ಟಿಹೋಗಿತ್ತು. ಆ ಜಾಲರಿ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ, ಒಂದಕ್ಕೆ ನೂರೈವತ್ತು ರೂಪಾಯಿ ಒಳಗೆ.

ಈಗ ಮೇಲೆ ಹೋದಂತೆ ಹೀಟರಿನ ಪಂಪಿನ ಬಡಿತ ಇಳಿಸುತ್ತೇನೆ. ಯಾವ ಎತ್ತರಕ್ಕೆ ಎಷ್ಟು ಎಂಬ ನನ್ನ ಪಟ್ಟಿ ಇಲ್ಲಿ ಕೊಡುವುದಿಲ್ಲ, ನಾಲ್ಕು ಸಲ ಬರ್ನರ್ ತೊಳೆದು ಸಂಪಾದಿಸಿದ್ದು ಅದು. ಹೀಟರಿನ ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದು ಕಪ್ಪು ಕಾಣದವರೆಗೆ ಇಳಿಸುತ್ತ ಹೋಗಿ, ನಿಮ್ಮ ಪಟ್ಟಿ ನಿಮಗೇ ಸಿಗುತ್ತದೆ. ಹೀಟರಿನ ಸಣ್ಣ ಟ್ಯಾಂಕಿಗೆ ಬರೀ ಸೀಮೆಎಣ್ಣೆ, ಮಸಿ ಕಡಿಮೆ. ಮಲಗುವ ಮುಂಚೆ ಇಪ್ಪತ್ತು ನಿಮಿಷ ಪೂರ್ತಿ ಉರಿ. ಆರಿಸುವಾಗ ಮೇನ್ ಸ್ವಿಚ್ ಎಳೆಯಬೇಡಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ, ಇಲ್ಲದಿದ್ದರೆ ಒಳಗಿನ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಹೊಗೆ ಪೈಪ್ ನೆಲ ದಾಟುವಲ್ಲಿ ಲೋಹದ ಕಾಲರ್, ಬಾಯಿ ಗಾಡಿಯ ಬದಿಯಾಚೆಗೆ, ಗಾಳಿರಂಧ್ರದಿಂದ ದೂರ. ಹಿಮ ಬಿದ್ದ ರಾತ್ರಿ ಆ ಬಾಯಿ ಮುಚ್ಚಿಹೋಗಿಲ್ಲವೇ ಎಂದು ಎದ್ದು ನೋಡಲೇಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡು, ಒಂದು ದಿಂಬಿನ ಎತ್ತರಕ್ಕೆ. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಗಾಡಿಯೊಳಗೆ ಹತ್ತು ನಿಮಿಷಕ್ಕೂ ತರಬೇಡಿ. ಅದರಿಂದ ಜೀವ ಹೋಗುತ್ತದೆ.

ನೀರಿನ ಪೈಪ್, ಪಂಪ್ ಎಲ್ಲ ಕಿತ್ತು ಹಾಕಿದೆ. ಪಂಪಿನ ತಲೆ ಮಂಜಿಗೆ ಸೀಳಿ ಎರಡು ಸಾವಿರ ಹೋದದ್ದೇ ಸಾಕಾಯಿತು. ನಮ್ಮ 20 ಲೀಟರ್ ನೀರಿನ ಕ್ಯಾನ್ ಎರಡು, ಮುಕ್ಕಾಲು ಮಾತ್ರ ತುಂಬಿಸಿ, ಹಾಸಿಗೆ ಕೆಳಗೆ, ಹೀಟರ್ ಡಕ್ಟ್ ಪಕ್ಕ. ಮೇಲೆ ಚಾರ್ಜ್ ಮಾಡುವ ಕ್ಯಾನ್ ಪಂಪ್. ಬ್ಯಾಟರಿಯೂ ಒಳಗೇ ಇರಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಹಾಳು, ಲೆಡ್ ಆಸಿಡ್ ಮೈನಸ್ 18ರಲ್ಲಿ ಅರ್ಧ ಶಕ್ತಿ ಮಾತ್ರ ಕೊಡುತ್ತದೆ. ಎಂಜಿನ್ ಬ್ಯಾಟರಿಯನ್ನು ದಿನಾ ರಾತ್ರಿ ಬಿಚ್ಚಿ ಒಳಗೆ ತರುತ್ತೇನೆ, ಐದು ನಿಮಿಷದ ಕೆಲಸ. ಬೆಳಿಗ್ಗೆ ಎರಡು ಸುತ್ತು ಗ್ಲೋ, ಕ್ಲಚ್ ತುಳಿದು ಸ್ಟಾರ್ಟ್. ಹನ್ನೊಂದು ಬೆಳಿಗ್ಗೆಯಲ್ಲಿ ಒಂಬತ್ತು ಸಲ ಮೊದಲ ಯತ್ನಕ್ಕೇ ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ, ಒದ್ದೆ ಶೂ ಡ್ರಮ್‌ಗೆ ಹೆಪ್ಪುಗಟ್ಟಿ ಅಂಟುತ್ತದೆ. ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

ಅಡುಗೆಗೆ ಕುಕ್ಕರ್ ಬಿಟ್ಟರೆ ಗತಿಯಿಲ್ಲ, ನೀರು 88 ಡಿಗ್ರಿಗೇ ಕುದಿಯುತ್ತದೆ. ಮುದ್ದೆ ಬೇಯುತ್ತದೆ, ಆದರೆ ಹಿಟ್ಟು ಹಾಕಿ ತಟ್ಟೆ ಮುಚ್ಚಿ ಇಲ್ಲಿಗಿಂತ ಇಮ್ಮಡಿ ಹೊತ್ತು ಬಿಡಬೇಕು. ಗ್ಯಾಸ್ ಸಿಲಿಂಡರಿನ ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮುಗಿದ ಮೇಲೆ ಉರಿ ಸಾಯುತ್ತದೆ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಅದರಲ್ಲಿ ಸಿಲಿಂಡರ್ ನಿಲ್ಲಿಸಿದರೆ ಮತ್ತೆ ಜೀವ ಬರುತ್ತದೆ.

ದಾರಿಯ ಬಗ್ಗೆ ಒಂದೇ ಮಾತು. ದೆಹಲಿ ಎನ್‌ಸಿಆರ್‌ನಲ್ಲಿ, ಅಂದರೆ ರಾಜಧಾನಿ ಮತ್ತು ಅದರ ಸುತ್ತಲಿನ ಜಿಲ್ಲೆಗಳಲ್ಲಿ, ಹಳೇ ಡೀಸೆಲ್ ಗಾಡಿಗೆ ತಡೆ ಇದೆ, ಎನ್‌ಎಚ್ 44 ಹಿಡಿದರೆ ಪಲ್ವಲ್‌ನಿಂದ ಕರ್ನಾಲ್ ತನಕ ಎನ್‌ಸಿಆರ್ ಜಿಲ್ಲೆಗಳೇ. ಆ ಜಿಲ್ಲೆಗಳನ್ನು ತಪ್ಪಿಸಿ ರಾಜಸ್ಥಾನದ ಕಡೆಯಿಂದ ಸುತ್ತಿ ಹೋಗಿ. ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ ಮುಚ್ಚಿರುತ್ತದೆ, ಕಿನ್ನೌರ್ ಕಡೆಯ ದಾರಿಯೊಂದೇ.

ಖರ್ಚು ನೆನಪಿದ್ದಷ್ಟು: ಗಾಡಿ ಒಂದೂವರೆ ಲಕ್ಷ, ನೈಟ್ರೈಲ್ ಶೀಟ್, ಅಂಟು ಇಪ್ಪತ್ತಾರು ಸಾವಿರ, ಎರಡು ಹೀಟರ್ ಸೇರಿ ಇಪ್ಪತ್ತೈದು, ಮರಗೆಲಸ ನಲವತ್ತು, ಬ್ಯಾಟರಿ ಮೂವತ್ತೆರಡು, ಅಲಾರಂ ಮೂರು, ಹಿಂದಿನ ಚಕ್ರಕ್ಕೆ ಚೈನ್ ಐದು. ಕೆಟ್ಟ ಪ್ರಯೋಗಗಳ ಲೆಕ್ಕ ಬೇರೆ, ಅದೊಂದು ಮೂವತ್ತು ಸಾವಿರ ಇದ್ದೀತು.

ಫೆಬ್ರವರಿಯಲ್ಲಿ ವಾಪಸು ಬಂದ ವಾರವೇ ಎಡಗಡೆಯ ಪ್ಲೈವುಡ್ ಬಿಚ್ಚಿ ರಬ್ಬರ್ ಶೀಟಿನ ಒಂದು ಮೂಲೆ ಕಿತ್ತು ನೋಡಿದೆ. ತುಕ್ಕು ಬಂದಿದ್ದ ಅದೇ ಜಾಗ. ಅಂಟಿಸುವ ಮುಂಚೆ ತಗಡಿನ ಮೇಲೆ ಬಳಪದಲ್ಲಿ ಬರೆದಿದ್ದ ಅಳತೆಯ ಅಂಕೆಗಳು ಬರೆದಂತೆಯೇ ಇದ್ದವು.