ಟಿಸಿ ಇಲ್ಲದ ಮಕ್ಕಳು ಶಾಲೇಲಿ ಉಳಿದಿದ್ದು ಹೇಗೆ: ನನ್ನ ಅನುಭವ

ಇಂಥ ಮಕ್ಕಳನ್ನ ಶಾಲೇಲಿ ಉಳಿಸೋದು ಆಗೋ ಕೆಲಸ ಅಲ್ಲ ಬಿಡಿ ಸರ್ ಅಂದೋರೆಲ್ಲ ಇದನ್ನ ಓದ್ಲಿ ಅಂತಾನೇ ಬರೀತಿದೀನಿ. 2005ರಲ್ಲಿ ಛತ್ತೀಸ್‌ಗಢದ ಬಸ್ತರ್ ಕಡೆ ಸಲ್ವಾ ಜುಡುಂ (ಮಾವೋವಾದಿಗಳ ವಿರುದ್ಧ ಸರ್ಕಾರದ ಬೆಂಬಲದಿಂದ ಕಟ್ಟಿದ ಪಡೆ) ಶುರುವಾದ್ಮೇಲೆ ಊರು ಬಿಟ್ಟು ಆಗಿನ ಆಂಧ್ರದ ಖಮ್ಮಂ ಕಾಡಿಗೆ ಓಡಿಬಂದ ಕೋಯ ಆದಿವಾಸಿ ಜನರ ಮಕ್ಕಳಿಗೆ 2012ರಿಂದ ಮೂರು ವರ್ಷ ಪಾಠ ಮಾಡಿದೆ. ಅಲ್ಲಿನ ಶಾಲೆ ತೆಲುಗು, ಮನೆಮಾತು ಕೋಯ, ಹಾಗಾಗಿ ಸೇರಿಸಿದ ಮಕ್ಕಳು ಹದಿನೈದು ದಿನ ಮೂಲೇಲಿ ಕೂತು ವಾಪಸ್ ಬಂದ್ಬಿಡೋರು.

ಮೊದಲ ವರ್ಷ ನಾನೂ ಸೀದಾ ತೆಲುಗು ಅಕ್ಷರಮಾಲೆ ಹಿಡ್ಕೊಂಡು ಕೈಸುಟ್ಟುಕೊಂಡೆ. 40 ಮಕ್ಕಳಲ್ಲಿ ಸಂಕ್ರಾಂತಿ ಹೊತ್ತಿಗೆ ಉಳಿದಿದ್ದು 11-12. ಟಾರ್ಪಾಲು, ಸ್ಲೇಟು, ಬೋರ್ಡು ಸೇರಿ ಕೈಯಿಂದ 9 ಸಾವಿರದ ಹತ್ರ ಹಾಕಿದ್ದೆ, ರಿಸರ್ವ್ ಫಾರೆಸ್ಟ್ ಅಂತ ಗುಡಿಸಲು ಕೆಡವಿದ ದಿನ ಅದೂ ಹೋಯ್ತು. ಅವತ್ತು ಸಂಜೆ ಒಂದು ಪುಟ್ಟ ಹುಡುಗಿ ಒಡೆದ ಸ್ಲೇಟಿನ ಎರಡು ಚೂರು ತಂದು ನೆಲದ ಮೇಲೆ ಜೋಡಿಸಿಟ್ಲು, ಹಿಂದಿನ ದಿನ ಬರೆದ 'ಅ' ಅದರ ಮೇಲೆ ಹಾಗೇ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಎರಡು ತಿಂಗಳು ತೆಲುಗು ಮುಟ್ಟಲೇ ಇಲ್ಲ. ಬರೀ ಕಲ್ಲು ಎಣಿಸೋದು, ಅದೂ ಅವರ ಮಾತಲ್ಲೇ. ಮೂಂಡ್, ನಾಲುಂಗ್ ಅಂದ್ರೆ ನಮ್ಮ ಮೂರು, ನಾಲ್ಕೇ ಅಲ್ವಾ, ಕನ್ನಡದೋನಿಗೆ ಕಲಿಯೋದು ಎಷ್ಟು ಹೊತ್ತು! ಅವರಲ್ಲೇ ಹದಿನೆಂಟರ ಹುಡುಗ ಒಬ್ಬ ಊರಲ್ಲಿ ಐದನೇ ಕ್ಲಾಸ್ ತನಕ ಓದಿದ್ದ, ತಿಂಗಳಿಗೆ 500 ಕೊಟ್ಟು ಜೊತೆಗೆ ಇಟ್ಕೊಂಡೆ. ಬೇರೆ ಮೇಷ್ಟ್ರುಗಳು ಟೈಂ ವೇಸ್ಟ್ ಅಂದ್ರು. ಮೂರನೇ ತಿಂಗಳು ಅದೇ ಮಕ್ಕಳು ತೆಲುಗು ಅಕ್ಷರ ಎಳೆದು ಎಳೆದು ಓದಿದ್ರು. ಒತ್ತಕ್ಷರಕ್ಕೆ ಒಂದು ಆಟ ಕಟ್ಟಿದ್ದೆ, ಅದನ್ನ ಇಲ್ಲಿ ಬರೆಯಲ್ಲ, ಎದುರು ಕೂತ್ರೆ ತೋರಿಸ್ತೀನಿ.

ಅಡ್ಮಿಷನ್ ಇನ್ನೊಂದು ತಲೆನೋವು. ಟಿಸಿ ತನ್ನಿ, ವಯಸ್ಸಿನ ದಾಖಲೆ ತನ್ನಿ ಅಂತಾರೆ, ಊರೇ ಖಾಲಿಯಾದ್ಮೇಲೆ ಎಲ್ಲಿಂದ ತರೋದು? ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 4, 5, 14ನೇ ಸೆಕ್ಷನ್‌ಗಳ ಜೆರಾಕ್ಸ್ ಯಾವಾಗ್ಲೂ ಬ್ಯಾಗಲ್ಲಿ ಇರ್ತಿತ್ತು. ವಯಸ್ಸಿಗೆ ತಕ್ಕ ಕ್ಲಾಸು, ವಿಶೇಷ ತರಬೇತಿ, ಟಿಸಿ ತಡವಾದ್ರೂ ಪ್ರವೇಶ ಕೊಡಬೇಕು, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, ಎಲ್ಲ ಅದರಲ್ಲೇ ಇದೆ. ಹೆಡ್‌ಮೇಷ್ಟ್ರ ಹತ್ರ ಜೋರು ಮಾಡಬೇಡಿ, ಗೆರೆ ಎಳೆದು ಟೇಬಲ್ ಮೇಲಿಟ್ಟು ಸುಮ್ನೆ ಕೂತ್ಕೊಳಿ.

ಅಜ್ಜಿಯರ ಕಥೆ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕ್ಲಾಸಲ್ಲಿ ಹಾಕಿ ನೋಡಿದೆ. ಮಕ್ಕಳು ಕಥೆ ಬಿಟ್ಟು ಅಜ್ಜಿ ದನಿ ಕೇಳಿ ಅತ್ತರು, ನಿಲ್ಲಿಸಿಬಿಟ್ಟೆ.

ಮೆಣಸಿನಕಾಯಿ ಬಿಡಿಸೋ ಸೀಸನ್ನಲ್ಲಿ ಮಕ್ಕಳೆಲ್ಲ ಹೊಲಕ್ಕೆ ಹೋಗೋರು, ಕ್ಲಾಸನ್ನೇ ಬೆಳಗ್ಗೆ 6ಕ್ಕೆ ಹೊಲದ ಬದುವಿಗೆ ತಗೊಂಡು ಹೋದೆ. ಕೊನೇ ವರ್ಷ ಸೇರಿಸಿದ 38ರಲ್ಲಿ 30ರ ಮೇಲೆ ಉಳಿದ್ರು. ಜೊತೆಗಿದ್ದ ಹುಡುಗ ತಿಂಗಳಿಗೆ 800 ಕೇಳಿದ, ಕೊಟ್ಟೆ.