ಹೊಸ ಆಟೋಕ್ಲೇವ್ ತರದೇ ಟ್ಯೂಬಿಂಗ್ ಲೋಡ್ ಪಾಸ್ ಮಾಡಿಸಿದ ನನ್ನ ಅನುಭವ

ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಆವಿಯಿಂದ ಸೂಕ್ಷ್ಮಜೀವಿ ಕೊಲ್ಲುವ ಮಷಿನ್ನಿನಲ್ಲಿ, ಮೂರನೇ ಸಲವೂ ಅದೇ ಜಾಗದ ಸ್ಟ್ರಿಪ್ ಕೈಕೊಟ್ಟಿತು. ಫಿಲ್ಲಿಂಗ್ ಲೈನಿನ ಎರಡೂವರೆ ಮೀಟರ್ ಸಿಲಿಕೋನ್ ಟ್ಯೂಬಿನ ನಟ್ಟನಡುವೆ ಇಟ್ಟಿದ್ದ ಸ್ಪೋರ್ ಸ್ಟ್ರಿಪ್ ಅದು, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಸ್ಪೋರ್ ಹಚ್ಚಿದ ಪಟ್ಟಿ. ಆಮೇಲೆ ಅದನ್ನು ಹಾಕಿಟ್ಟ ನೇರಳೆ ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಎರಡನೇ ದಿನಕ್ಕೇ ಹಳದಿಯಾಗಿತ್ತು, ಅಂದರೆ ಸ್ಪೋರ್ ಸತ್ತಿರಲಿಲ್ಲ. ಚೇಂಬರಿನ ತಾಪಮಾನ ಪ್ರೋಬುಗಳೆಲ್ಲ 121 ಡಿಗ್ರಿ ದಾಟಿದ್ದವು. ಗಾಳಿ ಸರಿಯಾಗಿ ಹೊರಹೋಗುತ್ತದೆಯೇ ಎಂದು ನೋಡುವ ಬೋವಿ ಡಿಕ್ ಟೆಸ್ಟ್ ದಿನಾ ಪಾಸ್. ಲೀಕ್ ಟೆಸ್ಟ್ ಕೂಡ ನಿಮಿಷಕ್ಕೆ 1.3 ಮಿಲಿಬಾರ್ ಮಿತಿಯ ಒಳಗೇ ಇತ್ತು.

ಮಷಿನ್ನಿಗೆ ವಯಸ್ಸಾಯ್ತು, ಹೊಸದು ತರೋಣ ಅಂದರು. ಕೊಟೇಶನ್ ಬಂದದ್ದು ಹತ್ತಿರ ಹತ್ತಿರ 40 ಲಕ್ಷಕ್ಕೆ. ಮಷಿನ್ ಚೆನ್ನಾಗಿದೆ, ತಪ್ಪು ನಾವು ಜೋಡಿಸೋದರಲ್ಲಿದೆ ಅಂತ ನಾನು ಹಟ ಹಿಡಿದೆ. ಯಾರೂ ನಂಬಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು, ಟೈಮ್ ಜಾಸ್ತಿ ಮಾಡಿದೆವು. 15 ನಿಮಿಷ ಇದ್ದದ್ದು 30 ಆಯಿತು, ಆಮೇಲೆ 45. ಗ್ಯಾಸ್ಕೆಟ್ ಗಟ್ಟಿಯಾಯಿತು, ಟ್ಯೂಬು ಅಂಟಂಟಾಯಿತು, ಸ್ಪೋರ್ ಮಾತ್ರ ಸಾಯಲಿಲ್ಲ. ಟ್ಯೂಬಿನೊಳಗೇ ಒಂದು ತೆಳು ಪ್ರೋಬ್ ತೂರಿಸಿದ ಮೇಲೆ ವಿಷಯ ಬಯಲಾಯಿತು. ಚೇಂಬರ್ 121 ಮುಟ್ಟಿ ಐದಾರು ನಿಮಿಷ ಆದ ಮೇಲೆ ಟ್ಯೂಬಿನ ಒಳಗೆ 121. ನಮ್ಮದು 600 ಲೀಟರಿನ ಚೇಂಬರ್, ಇಎನ್ 285 (ದೊಡ್ಡ ಆವಿ ಸ್ಟೆರಿಲೈಜರುಗಳ ಯುರೋಪಿಯನ್ ಮಾನದಂಡ) ಪ್ರಕಾರ ಈ ಅಂತರ 15 ಸೆಕೆಂಡ್ ಅಷ್ಟೇ ಇರಬಹುದು. ಅಂದರೆ ಒಳಗೆ ಗಾಳಿ ಕೂತಿತ್ತು. ಆವಿ ಮುಟ್ಟದ ಜಾಗದಲ್ಲಿ ಎಷ್ಟು ಹೊತ್ತು ಕಾಯಿಸಿ ಏನು ಪ್ರಯೋಜನ?

ಇದನ್ನು ಮೇಲಿನವರಿಗೆ ತೋರಿಸಲು ಲ್ಯಾಬಿಗೆಂದೇ ಎರಡು ಸಾವಿರ ಕೊಟ್ಟು ಒಂದು ಕುಕ್ಕರ್ ತಂದೆ. ಎರಡು ಉದ್ದ ಸ್ಟೀಲ್ ಲೋಟ, ಎರಡರ ತಳದಲ್ಲೂ ಒಂದೊಂದು ಸ್ಟ್ರಿಪ್. ಒಂದನ್ನು ನೆಟ್ಟಗಿಟ್ಟೆ, ಇನ್ನೊಂದನ್ನು ಅಡ್ಡ ಮಲಗಿಸಿದೆ. 20 ನಿಮಿಷ ಓಡಿಸಿದೆ. ಗಾಳಿ ತಳದಲ್ಲೇ ಕೂತ ನೆಟ್ಟಗಿನದ್ದು ಹಳದಿ, ಗಾಳಿ ಜಾರಿಹೋದ ಮಲಗಿದ್ದದ್ದು ನೇರಳೆ. ಅವತ್ತಿಂದ ಯಾರೂ ಹೊಸ ಮಷಿನ್ ಮಾತೆತ್ತಲಿಲ್ಲ.

ಕುಕ್ಕರ್ ವಿಷಯ ಬಂತಲ್ಲ, ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಇಲ್ಲಿ ಒತ್ತಡದ ಗೇಜಿನಲ್ಲಿ 15 ಪೌಂಡ್ ನೋಡಿ 121 ಆಯ್ತು ಅಂದುಕೊಂಡರೆ ಒಂದೂವರೆ ಡಿಗ್ರಿ ಕಡಿಮೆ ಬೀಳುತ್ತದೆ. ಮೈಕ್ರೋ ಲ್ಯಾಬಿನ ವರ್ಟಿಕಲ್ ಆಟೋಕ್ಲೇವನ್ನು ಗೇಜ್ ನೋಡಿಯೇ ನಡೆಸುವವರು ಇದನ್ನು ಗಮನಿಸಿ. ನಮ್ಮಲ್ಲಿ ಈಗ 16 ಪೌಂಡ್ ದಾಟಿಸುತ್ತೇವೆ.

ಸರಿ, ನಮ್ಮ ಲೋಡಿಗೆ ಬರೋಣ. ವ್ಯಾಕ್ಯೂಮ್ ಪಲ್ಸ್ (ಗಾಳಿ ಎಳೆದು ಆವಿ ತುಂಬುವ ಸುತ್ತು) ಮೂರರಿಂದ ಐದಕ್ಕೆ ಏರಿಸಿದೆ. ಸ್ಪೋರ್ ಸತ್ತಿತು, ಆದರೆ ಪ್ಯಾಕ್ ಒದ್ದೆ. ಬ್ಯಾಗಿನ ಮೂಲೆಯಲ್ಲಿ ಒಂದು ಚಮಚ ನೀರು. ಕ್ಯೂಎ (ಗುಣಮಟ್ಟ ವಿಭಾಗ)ಯವರು ತಿರಸ್ಕರಿಸಿದರು, ಅವರು ಮಾಡಿದ್ದೇ ಸರಿ. ಟ್ಯೂಬನ್ನು ಚಕ್ಕುಲಿ ಹಾಗೆ ಸುತ್ತಿಡುತ್ತಿದ್ದೆವು. ಪ್ರತಿ ಸುತ್ತಿನ ತಗ್ಗಿನಲ್ಲೂ ನೀರು ನಿಲ್ಲುತ್ತಿತ್ತು. ಈಗ ಸುತ್ತುವುದೇ ಇಲ್ಲ. ರ್‍ಯಾಕಿನ ಮೇಲೆ ಒಂದೇ ಕಡೆಗೆ ಇಳಿಜಾರಾಗಿ ಹಾಸುತ್ತೇವೆ. ಕ್ಲ್ಯಾಂಪ್ ಪೂರ್ತಿ ತೆರೆದಿರಬೇಕು, ಎರಡೂ ಬಾಯಿಗೆ ಟೈವೆಕ್ (ಆವಿ ದಾಟಬಲ್ಲ ಹಾಳೆ) ಸಡಿಲವಾಗಿ ಕಟ್ಟಬೇಕು.

ಆಗಲೂ ಸ್ವಲ್ಪ ತೇವ ಉಳಿಯುತ್ತಿತ್ತು. ಕೊನೆಗೆ ಡ್ರೈನ್ ಸ್ಟ್ರೈನರ್ (ಚೇಂಬರಿನ ನೀರು ಹೋಗುವ ದಾರಿಯ ಜಾಲರಿ) ಬಿಚ್ಚಿದೆ. ಒಳಗೆ ಆಟೋಕ್ಲೇವ್ ಟೇಪಿನ ಚೂರು, ಕಾಗದದ ಹಿಟ್ಟು, ಕಂದು ಲೋಳೆ, ಅರ್ಧ ಜಾಲರಿ ಮುಚ್ಚಿತ್ತು. ತೊಳೆದೆ, ಆವಿ ತಡೆದು ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪನ್ನೂ ಎಂಟು ಸಾವಿರ ಕೊಟ್ಟು ಹೊಸದು ಹಾಕಿಸಿದೆ. ತೇವ ಹೋಯಿತು. ಇದೇ ಲೋಡಿನ ಫಿಲ್ಟರ್ ಹೌಸಿಂಗನ್ನು ಯಾವ ಕೋನದಲ್ಲಿ ಇಡುತ್ತೇನೆ, ವೆಂಟಿಗೆ ಏನು ಮಾಡಿದೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೇ ಎರಡು ತಿಂಗಳು ಹಿಡಿದಿತ್ತು.

ಸ್ಟ್ರಿಪ್, ಪ್ರೋಬ್, ಟ್ರ್ಯಾಪ್, ಹಾಳಾದ ಟ್ಯೂಬು ಎಲ್ಲ ಸೇರಿ ಒಂದು ಲಕ್ಷದ ಮೇಲೆ ಸ್ವಲ್ಪ ಖರ್ಚಾಗಿರಬಹುದು. ಹೋಲ್ಡ್ ಟೈಮ್ (121ರಲ್ಲಿ ಇಡುವ ಹೊತ್ತು) 45ರಿಂದ 20 ನಿಮಿಷಕ್ಕೆ ಇಳಿಸಿದೆ. ಸತತ ಮೂರು ರನ್ ಮಾಡಿದೆವು, ಒಂದೊಂದಕ್ಕೂ 20 ಸ್ಟ್ರಿಪ್. ಏಳನೇ ದಿನ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗ ಕ್ಯೂಎಯವರೂ ಪಕ್ಕದಲ್ಲೇ ನಿಂತಿದ್ದರು. ಅರವತ್ತೂ ನೇರಳೆ. ಆಟೋಕ್ಲೇವಿಗೆ ಹಾಕದೆ ಹೋಲಿಕೆಗೆ ಇಟ್ಟ ಪಾಸಿಟಿವ್ ಕಂಟ್ರೋಲ್ ಮಾತ್ರ ಹಳದಿ.