ಒಂದೇ ಪಾತಿ, ಐದು ತರಕಾರಿ: ಕಿಲಾಯಿಮ್ ಮೀರದೆ ನೆಡುವುದು ಹೇಗೆ?

ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಬಿತ್ತುವುದು ನಮ್ಮಲ್ಲಿ ವಾಡಿಕೆ. ಇಸ್ರೇಲಿನ ಧರ್ಮನಿಷ್ಠ ಯಹೂದಿಯರು ಹಿತ್ತಲಲ್ಲಿ ಟೊಮೆಟೊ ಪಕ್ಕ ಮೂಲಂಗಿ ಊರುವ ಮುನ್ನವೂ ಟೇಪು ಹಿಡಿದು ಅಳೆಯುತ್ತಾರೆ. ಬೇರೆ ಬೇರೆ ಜಾತಿಯ ಬೀಜಗಳನ್ನು ಬೆರೆಸಿ ಬಿತ್ತಬಾರದೆಂಬ, ಅವರ ಧರ್ಮಗ್ರಂಥ ತೋರಾದ ಈ ವಿಧಿಯೇ ಕಿಲಾಯಿಮ್. ಯಹೂದಿ ವಿಧಿಗಳ ಪ್ರಾಚೀನ ಸಂಗ್ರಹವಾದ ಮಿಷ್ನಾದಲ್ಲಿ ಇದಕ್ಕೆಂದೇ ಒಂದು ಭಾಗವಿದೆ.

ಮೊದಲು ಗಿಡಗಳನ್ನು ವಿಂಗಡಿಸಿಕೊಳ್ಳಿ. ತಿನ್ನದ ಹೂಗಿಡಗಳಿಗೆ ನಿರ್ಬಂಧವಿಲ್ಲ. ದ್ರಾಕ್ಷಿಯೊಂದನ್ನು ಬಿಟ್ಟು ಹಣ್ಣಿನ ಮರಗಳನ್ನು ಒಂದರ ಪಕ್ಕ ಒಂದು ನೆಡಬಹುದು, ಅವುಗಳ ಕೆಳಗೆ ತರಕಾರಿಯನ್ನೂ ಬೆಳೆಯಬಹುದು. ತರಕಾರಿಗಳಿಗೆ ಮಾತ್ರ ಅಂತರ ಬೇಕು.

ಅಳತೆಯ ಮೂಲಮಾನ ತೆಫಾಖ್, ಅಂದರೆ ಅಂಗೈ ಅಗಲ: ಒಂದು ಲೆಕ್ಕದಲ್ಲಿ 8, ಇನ್ನೊಂದರಲ್ಲಿ ಸುಮಾರು 9.6 ಸೆಂ.ಮೀ. ದೊಡ್ಡದನ್ನೇ ಹಿಡಿಯುವುದು ಕ್ಷೇಮ. 6 ತೆಫಾಖ್ ಚೌಕದ ಪಾತಿಯಲ್ಲಿ ಐದು ಜಾತಿ ಬಿತ್ತಬಹುದು ಎನ್ನುತ್ತದೆ ಮಿಷ್ನಾ: ನಾಲ್ಕು ಬದಿಗೆ ನಾಲ್ಕು, ನಡುವೆ ಒಂದು.

60 ಸೆಂ.ಮೀ. ಚೌಕದ ಪಾತಿ ಮಾಡಿ. ಪ್ರತಿ ಬದಿಯ ನಟ್ಟನಡುವೆ ಒಂದು ಕಡ್ಡಿ ಚುಚ್ಚಿ, ಐದನೆಯದನ್ನು ಪಾತಿಯ ಕೇಂದ್ರದಲ್ಲಿಡಿ. ಕೇಂದ್ರದಿಂದ ಬದಿಗೆ 30 ಸೆಂ.ಮೀ., ಬದಿಯಿಂದ ಪಕ್ಕದ ಬದಿಗೆ ಸುಮಾರು 42. ಬೇರು ಸುತ್ತಲೂ ಒಂದೂವರೆ ತೆಫಾಖ್ ದೂರದಿಂದ ಸಾರ ಹೀರುತ್ತದೆಂಬುದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನ ಲೆಕ್ಕ; ಎರಡು ಗಿಡಕ್ಕೆ ಸೇರಿ ಮೂರು, ಅಂದರೆ 29 ಸೆಂ.ಮೀ. ಮೂಲೆಗಳು ಖಾಲಿಯೇ ಇರಲಿ. ತಪ್ಪಾಗುವುದು ಅಲ್ಲಿಯೇ: ಜಾಗ ಪೋಲಾಯಿತೆಂದು ಮೂಲೆಗೆ ಕೊತ್ತಂಬರಿ ಉದುರಿಸಿದರೆ ಎರಡು ಬದಿಗಳ ಅಂತರವೂ ಕೆಡುತ್ತದೆ.

ಜಾಗ ಕಡಿಮೆಯಿದ್ದರೆ ಎರಡು ಜಾತಿಗಳ ನಡುವೆ 10 ತೆಫಾಖ್, ಅಂದರೆ ಒಂದು ಮೀಟರ್ ಎತ್ತರದ ತಡೆ ಕಟ್ಟಿ. ಸಂದುಗಳು 24 ಸೆಂ.ಮೀ. ಮುಟ್ಟಬಾರದು. ತಳದಲ್ಲಿ ತೂತಿರುವ ಕುಂಡ ನೆಲಕ್ಕೆ ಸಮ. ಒಂದೇ ಕುಂಡದಲ್ಲಿ ಪುದೀನ, ತುಳಸಿ ಸೇರಿಸಬೇಡಿ. ಬೀಜವನ್ನೂ ಆರಿಸಿಕೊಳ್ಳಿ: 24ರಲ್ಲಿ ಒಂದು ಪಾಲು ಬೇರೆ ಬೀಜ ಬೆರೆತಿದ್ದರೆ ಅದನ್ನು ತಗ್ಗಿಸದೆ ಬಿತ್ತುವಂತಿಲ್ಲ.

ದ್ರಾಕ್ಷಿಯ ವಿಷಯ ಬೇರೆಯೇ. ಒಂಟಿ ಬಳ್ಳಿಯಿಂದ ತರಕಾರಿಗೆ 6 ತೆಫಾಖ್ ಬಿಡಬೇಕು. ಐದು ಬಳ್ಳಿ ಸೇರಿ ತೋಟವಾದರೆ 4 ಮೊಳ (ಇಲ್ಲಿ ಮೊಳವೆಂದರೆ 6 ತೆಫಾಖ್), ಸುಮಾರು 2.3 ಮೀಟರ್. ಇಲ್ಲಿ ದಂಡ ದೊಡ್ಡದು. ಬೆರೆತು ಬೆಳೆದ ತರಕಾರಿಯನ್ನು ತಿನ್ನಬಹುದು. ದ್ರಾಕ್ಷಿಯೊಡನೆ ಬೆರೆತ ಬೆಳೆಯನ್ನು ತಿನ್ನುವಂತಿಲ್ಲ, ಮಾರುವಂತಿಲ್ಲ, ಸುಡಬೇಕು.

ತರಕಾರಿ ಬೀಜದ ನಿಯಮ ಇಸ್ರೇಲ್ ನೆಲಕ್ಕಷ್ಟೇ ಸೀಮಿತ. ಕೊಚ್ಚಿಯ ಯಹೂದಿ ಮನೆಯ ಹಿತ್ತಲಲ್ಲಿ ಬೆಂಡೆ, ಬದನೆ ಒತ್ತೊತ್ತಾಗಿ ಬೆಳೆಯಬಹುದು. ಕಸಿಯ ನಿಷೇಧ ಮಾತ್ರ ಎಲ್ಲೆಡೆಯೂ ಉಂಟು: ಪೀಚ್ ಬುಡಕ್ಕೆ ಬಾದಾಮಿ ಕಟ್ಟಕೂಡದು.

ಬಿತ್ತಿದ ಮೇಲೂ ಕಣ್ಣಿಟ್ಟಿರಬೇಕು. ಹಿಂದೆ ಯಹೂದಿ ಪಂಚಾಂಗದ ಅದಾರ್ ತಿಂಗಳ (ಫೆಬ್ರವರಿ-ಮಾರ್ಚ್) 1ಕ್ಕೆ ಕಿಲಾಯಿಮ್ ಬಗ್ಗೆ ಡಂಗುರ ಸಾರಿ, 15ಕ್ಕೆ ಹೊಲಗಳ ತಪಾಸಣೆಗೆ ಹೊರಡುತ್ತಿದ್ದರು. ಎಲೆ ಗುರುತು ಸಿಗುವಷ್ಟು ಸಸಿ ಎದ್ದ ಮೇಲೆ ನೀವೂ ಒಮ್ಮೆ ಅಳೆಯಿರಿ. ತಾನಾಗಿ ಹುಟ್ಟಿದ್ದನ್ನು ಉಳಿಸಿಕೊಂಡರೂ ತಪ್ಪೇ. ಅಂತರದೊಳಗೆ ಬಂದದ್ದನ್ನು ಕಿತ್ತುಹಾಕಿ.